ಗುಡ್ಡದ ಮೇಲಣ ಗೆಳೆತನ ಮತ್ತು ಗಾಳಿಯ ಶಾಸ್ತ್ರ: ಜರ್ಮನಿಯ ಗ್ಲೈಡರ್ ಸಂಘಗಳು, ೧೯೨೦–೧೯೩೭

ವಿಮಾನದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಎಂಜಿನಿನ ಚರಿತ್ರೆಯನ್ನೇ ಬರೆದಿದ್ದಾರೆ. ಕುದುರೆಯ ಬಲವೆಷ್ಟು, ವೇಗವೆಷ್ಟು, ಹೊರುವ ಭಾರವೆಷ್ಟು ಎಂಬ ಲೆಕ್ಕಗಳ ನಡುವೆ, ವಿಮಾನವು ಯಾವುದನ್ನು ಆಶ್ರಯಿಸಿ ಹಾರುತ್ತದೆಯೋ ಆ ಗಾಳಿಯ ವಿಷಯವು ಹಿಂದೆ ಬಿದ್ದಿದೆ. ಇದಕ್ಕೆ ಕಾರಣವಿಲ್ಲದೆ ಇಲ್ಲ. ಬಲವಾದ ಎಂಜಿನುಳ್ಳವನಿಗೆ ಗಾಳಿಯೆಂಬುದು ದಾಟಿಹೋಗಬೇಕಾದ ಬಯಲು. ಎಂಜಿನಿಲ್ಲದೆ ಹಾರುವವನಿಗಾದರೋ ಅದೇ ಆಹಾರ. ಆದುದರಿಂದ ಮೇಲಣ ಗಾಳಿಯ ನಡೆಯನ್ನು ಮನುಷ್ಯನು ಹೇಗೆ ಅರಿತುಕೊಂಡನೆಂಬುದನ್ನು ತಿಳಿಯಬೇಕಾದರೆ ನಾವು ಗ್ಲೈಡರುಗಳ ಕಡೆಗೆ, ಅವುಗಳನ್ನು ಹಾರಿಸುತ್ತಿದ್ದ ಸಣ್ಣ ಸಣ್ಣ ಸಂಘಗಳ ಕಡೆಗೆ ತಿರುಗಬೇಕಾಗುತ್ತದೆ.

ಈ ಲೇಖನದಲ್ಲಿ ಹೇಳಹೊರಟಿರುವುದು ಇಷ್ಟು: ೧೯೨೦ರಿಂದ ೧೯೩೭ರವರೆಗೆ ಜರ್ಮನಿಯ ಒಂದೆರಡು ಗುಡ್ಡಗಳ ಮೇಲೆ ಹವೆಯ ಶಾಸ್ತ್ರವು ಬೆಳೆದದ್ದು ಉಪಕರಣಗಳಿಂದ ಎಷ್ಟೋ ಗೆಳೆತನದಿಂದಲೂ ಅಷ್ಟೇ, ಮತ್ತು ಆ ಗೆಳೆತನವು ತನ್ನವರಲ್ಲೊಬ್ಬನನ್ನು ಹೊರಗೆ ಬಿಟ್ಟ ಮೇಲೂ ಶಾಸ್ತ್ರವು ಬೆಳೆಯುತ್ತಲೇ ಹೋಯಿತು. ಮೊದಲನೆಯ ಸಂಗತಿಯನ್ನು ಗ್ಲೈಡರಿನವರು ಅಭಿಮಾನದಿಂದ ಹೇಳಿಕೊಳ್ಳುವುದುಂಟು. ಎರಡನೆಯದನ್ನು ಅದರ ಪಕ್ಕದಲ್ಲಿಯೇ ಇಟ್ಟು ನೋಡುವುದು ಇತಿಹಾಸ ಬರೆಯುವವನ ಕೆಲಸ.

ಕಥೆಗೆ ಮೊದಲು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗ್ಲೈಡರು ತನ್ನ ಸುತ್ತಣ ಗಾಳಿಯಲ್ಲಿ ಯಾವಾಗಲೂ ಇಳಿಯುತ್ತಲೇ ಇರುತ್ತದೆ. ಒಳ್ಳೆಯದಾದರೆ ಸೆಕೆಂಡಿಗೆ ಒಂದು ಮೀಟರಿಗಿಂತಲೂ ಕಡಮೆ ಇಳಿದೀತು. ಆದರೆ ಇಳಿಯದೆ ಇರದು. ಹಾಗಿದ್ದರೂ ಅದು ಮೇಲಕ್ಕೇರುವುದಾದರೆ, ಅದಿರುವ ಗಾಳಿಯೇ ಅದಕ್ಕಿಂತ ವೇಗವಾಗಿ ಮೇಲಕ್ಕೆ ಹೋಗುತ್ತಿರಬೇಕು. ನಮ್ಮ ಬಯಲುಸೀಮೆಯಲ್ಲಿ ಬೇಸಗೆಯ ಮಧ್ಯಾಹ್ನ ಹದ್ದು ರೆಕ್ಕೆಯಾಡಿಸದೆ ಸುತ್ತುಸುತ್ತಾಗಿ ಮೇಲೇರುವುದನ್ನು ನೋಡದವರಿಲ್ಲ. ಹದ್ದಿನ ಜಾಣತನವು ಏರುವುದರಲ್ಲಿಲ್ಲ. ಏರುವ ಗಾಳಿ ಎಲ್ಲಿದೆಯೆಂಬುದನ್ನು ಅರಿಯುವುದರಲ್ಲಿದೆ. ಇಂತಹ ಗಾಳಿಯು ಮುಖ್ಯವಾಗಿ ಮೂರು ಬಗೆ. ಬೀಸುವ ಗಾಳಿಯು ಗುಡ್ಡಕ್ಕೆ ತಾಗಿ ಮೇಲಕ್ಕೆ ತಿರುಗುವುದು ಒಂದು. ಬಿಸಿಲಿಗೆ ಕಾದ ನೆಲದಿಂದ ಬಿಸಿಗಾಳಿಯು ಕಿತ್ತೇಳುವುದು ಇನ್ನೊಂದು. ಬೆಟ್ಟಸಾಲನ್ನು ದಾಟಿದ ಗಾಳಿಯು ಆಚೆಯ ಕಡೆಯಲ್ಲಿ ಅಲೆಯಲೆಯಾಗಿ ಏರಿಳಿಯುವುದು ಮೂರನೆಯದು. ಇವಕ್ಕೆ ಕನ್ನಡದಲ್ಲಿ ರೂಢಿಯಾದ ಪಾರಿಭಾಷಿಕ ಪದಗಳು ನೆಲೆಗೊಂಡಿಲ್ಲವಾದ ಕಾರಣ ಬೆಟ್ಟದ ಏರುಗಾಳಿ, ಬಿಸಿಲಿನ ಏರುಗಾಳಿ, ಅಲೆಯ ಏರುಗಾಳಿ ಎಂದು ಇಲ್ಲಿ ಕರೆಯುತ್ತೇವೆ. ಪದಗಳನ್ನು ಟಂಕಿಸುವ ವಿದ್ವಾಂಸರು ಇವಕ್ಕಿಂತ ಬಿಗಿಯಾದುವನ್ನು ಕೊಟ್ಟರೆ ಸಂತೋಷವೇ.

ಮೊದಲನೆಯ ಮಹಾಯುದ್ಧದ ತರುವಾಯ ೧೯೧೯ರ ವರ್ಸೇಲ್ಸ್ ಒಪ್ಪಂದವು ಜರ್ಮನಿಗೆ ವಾಯುಸೈನ್ಯವಿರಕೂಡದೆಂದು ವಿಧಿಸಿತು. ಎಂಜಿನಿನ ವಿಮಾನಗಳನ್ನು ಕಟ್ಟುವುದಕ್ಕೂ ಕೆಲವು ಕಾಲ ತಡೆಯುಂಟಾಯಿತು. ಎಂಜಿನಿಲ್ಲದ ವಿಮಾನದ ಮಾತನ್ನು ಒಪ್ಪಂದವು ಎತ್ತಿರಲಿಲ್ಲ. ಫ್ರಾಂಕ್‌ಫುರ್ಟ್ ನಗರದಲ್ಲಿ 'ಫ್ಲೂಗ್‌ಸ್ಪೋರ್ಟ್' ಎಂಬ ಪತ್ರಿಕೆಯನ್ನು ನಡೆಸುತ್ತಿದ್ದ ಓಸ್ಕರ್ ಉರ್ಸಿನುಸ್ ಎಂಬವನು, ಹಾರುವ ಹಂಬಲವುಳ್ಳವರೆಲ್ಲರೂ ತಮ್ಮ ಕೈಯಿಂದ ಮಾಡಿದ ಗ್ಲೈಡರುಗಳೊಡನೆ ರೋನ್ ಬೆಟ್ಟಗಳಲ್ಲಿ ಕೂಡಬೇಕೆಂದು ೧೯೨೦ರಲ್ಲಿ ಕರೆಕೊಟ್ಟನು. ಆ ಬೆಟ್ಟಗಳಲ್ಲೆಲ್ಲ ಎತ್ತರವಾದದ್ದು ವಾಸ್ಸರ್‌ಕುಪ್ಪೆ. ಎತ್ತರವು ೯೫೦ ಮೀಟರು. ತಲೆಯ ಮೇಲೆ ಮರಗಳಿಲ್ಲದೆ ಬೋಳಾಗಿ, ಸುತ್ತಲೂ ಹುಲ್ಲಿನ ಇಳಿಜಾರಾಗಿರುವ ಗುಡ್ಡ. ಡಾರ್ಮ್‌ಷ್ಟಾಟ್ ನಗರದ ವಿದ್ಯಾರ್ಥಿಗಳು ಯುದ್ಧಕ್ಕೆ ಮೊದಲೇ ಅದನ್ನು ಕಂಡುಕೊಂಡಿದ್ದರು; ಅವರಲ್ಲಿ ಹಾನ್ಸ್ ಗುಟರ್‌ಮೂಟ್ ಎಂಬವನು ೧೯೧೨ರಲ್ಲಿ ಅಲ್ಲಿಂದ ೮೩೮ ಮೀಟರು ದೂರ ತೇಲಿದ್ದನು.

೧೯೨೦ರ ಕೂಟವು ವೈಭವದ್ದೇನೂ ಅಲ್ಲ. ಡೇರೆಗಳು, ಮಂಜು, ಮಳೆ, ಮುರಿದ ರೆಕ್ಕೆಗಳು. ಆಗಸ್ಟ್ ತಿಂಗಳಲ್ಲಿ ಓಯ್ಗೆನ್ ಫೊನ್ ಲೋಸ್ಸ್‌ಲ್ ಎಂಬವನು ಬಿದ್ದು ಸತ್ತನು. ಆಖೆನ್ ಪಟ್ಟಣದಿಂದ ಬಂದ ವೋಲ್ಫ್‌ಗಾಂಗ್ ಕ್ಲೆಂಪರರನು ೨ ನಿಮಿಷ ೨೨ ಸೆಕೆಂಡುಗಳ ಕಾಲ ಹಾರಿ ೧,೮೩೦ ಮೀಟರು ದೂರ ಹೋದುದೇ ಆ ವರ್ಷದ ದೊಡ್ಡ ಸಾಧನೆ. ಅಮೆರಿಕೆಯಲ್ಲಿ ಆರ್ವಿಲ್ ರೈಟನು ೧೯೧೧ರಲ್ಲಿಯೇ ಮರಳುದಿಬ್ಬದ ಗಾಳಿಯ ಮೇಲೆ ೯ ನಿಮಿಷ ೪೫ ಸೆಕೆಂಡು ನಿಂತಿದ್ದನೆಂಬುದನ್ನು ನೆನೆದರೆ ಇದು ಅಲ್ಪವೆಂದೇ ತೋರುವುದು. ಆದರೆ ರೈಟನ ಹಿಂದೆ ವರ್ಷವರ್ಷವೂ ಅದೇ ದಿಬ್ಬಕ್ಕೆ ಬಂದು ಸೇರುವ ಗುಂಪು ಇರಲಿಲ್ಲ. ರೋನ್ ಬೆಟ್ಟಕ್ಕೆ ಮರುವರ್ಷವೂ ಜನ ಬಂದರು. ಅದರ ಮರುವರ್ಷವೂ ಬಂದರು.

ಈ ಗುಂಪಿನ ಒಗ್ಗಟ್ಟಿಗೆ ಒಂದು ಬಹು ಸ್ಥೂಲವಾದ ಕಾರಣವಿದೆ. ಅದನ್ನು ಹೇಳದೆ ಬರಿಯ ಭಾವನೆಯ ಮಾತಾಡಿದರೆ ವಿಷಯ ತಿಳಿಯದು. ಅಂದಿನ ಗ್ಲೈಡರನ್ನು ಹಾರಿಸುತ್ತಿದ್ದುದು ರಬ್ಬರಿನ ಹಗ್ಗದಿಂದ. ಹಗ್ಗದ ನಡುವನ್ನು ಗ್ಲೈಡರಿನ ಮೂತಿಯ ಕೊಕ್ಕೆಗೆ ಸಿಕ್ಕಿಸಿ, ಎರಡು ತುದಿಗಳನ್ನೂ ಮೂರು ನಾಲ್ಕು ಮಂದಿಯಂತೆ ಎರಡು ಸಾಲಾಗಿ ಹಿಡಿದುಕೊಂಡು ಇಳಿಜಾರಿನ ಕಡೆಗೆ ನಿಲ್ಲುವರು. ಹಿಂದೆ ಬಾಲವನ್ನು ಕೆಲವರು ಬಲವಾಗಿ ಹಿಡಿದಿರುವರು. 'ಎಳೆಯಿರಿ' ಎಂದರೆ ನಡೆಯುವುದು. 'ಓಡಿರಿ' ಎಂದರೆ ಓಡುವುದು. 'ಬಿಡಿ' ಎಂದರೆ ಬಾಲದವರು ಕೈಬಿಡುವುದು. ಕವಣೆಯ ಕಲ್ಲಿನಂತೆ ಗ್ಲೈಡರು ಚಿಮ್ಮಿ ಹೋಗುವುದು. ಅದು ಕಣಿವೆಯಲ್ಲಿಳಿದ ಮೇಲೆ ಮತ್ತೆ ಎಲ್ಲರೂ ಹೋಗಿ ಅದನ್ನು ಗುಡ್ಡದ ಮೇಲಕ್ಕೆ ಎಳೆದು ತರಬೇಕು. ಒಬ್ಬನು ಎರಡು ನಿಮಿಷ ಹಾರಬೇಕಾದರೆ ಹತ್ತು ಮಂದಿ ಬಹಳ ಹೊತ್ತು ಬೆವರು ಸುರಿಸಬೇಕು. ಒಬ್ಬಂಟಿಗನಿಗೆ ಈ ವಿದ್ಯೆಯು ಸಾಧ್ಯವೇ ಇರಲಿಲ್ಲ. ಇಂದು ಹಗ್ಗವನ್ನು ಎಳೆದವನಿಗೆ ನಾಳೆ ಸರದಿ ಬರುವುದೆಂಬ ನಂಬಿಕೆಯೇ ಸಂಘದ ಮೂಲಧನ.

ಇದರಿಂದ ಮತ್ತೊಂದು ಫಲವಾಯಿತು. ಹಾರುವ ಹೊತ್ತಿಗಿಂತ ಕಾಯುವ ಹೊತ್ತೇ ಹೆಚ್ಚು. ಸರದಿಗಾಗಿ ಕಾಯುವುದು, ಮಂಜು ಕರಗಲೆಂದು ಕಾಯುವುದು, ಎಲ್ಲಕ್ಕಿಂತ ಹೆಚ್ಚಾಗಿ ಗಾಳಿಗಾಗಿ ಕಾಯುವುದು. 'ಗಾಳಿ ಬಂದಾಗ ತೂರಿಕೋ' ಎಂಬ ನಮ್ಮ ಗಾದೆಯು ಕಣದಲ್ಲಿ ಮೊರ ಹಿಡಿದು ನಿಂತ ಒಕ್ಕಲಿಗನದು. ಗಾದೆಯನ್ನು ಇಂದು ಸಮಯಸಾಧಕರ ಮಾತಾಗಿ ಬಳಸುವವರು, ಆ ಒಕ್ಕಲಿಗನಿಗೆ ಗಾಳಿ ಬರುವ ವೇಳೆಯನ್ನು ಮೊದಲೇ ತಿಳಿಯುವ ಕಣ್ಣು ಬೇಕಾಗಿದ್ದಿತೆಂಬುದನ್ನು ಮರೆಯುತ್ತಾರೆ. ಹುಲ್ಲಿನ ಮೇಲೆ ಕುಳಿತು ಆಕಾಶವನ್ನೇ ನೋಡುತ್ತಿದ್ದ ಈ ಹುಡುಗರಿಗೂ ಅಂತಹ ಕಣ್ಣು ಮೂಡಿತು. ಯಾವ ಮೋಡದ ಕೆಳಗೆ ಹೋದವನು ಎತ್ತರ ಗಳಿಸಿದನು, ಯಾವ ಕಾಡಿನ ಅಂಚಿನಲ್ಲಿ ಇನ್ನೊಬ್ಬನು ಕುಸಿದನು ಎಂಬುದನ್ನು ಕೆಳಗಿದ್ದವರೆಲ್ಲ ಕಂಡಿರುತ್ತಿದ್ದರು. ಹಾರಿದವನು ಬಂದು ತನ್ನ ಕಡೆಯ ಮಾತನ್ನು ಹೇಳುತ್ತಿದ್ದನು. ಎರಡನ್ನೂ ಕೂಡಿಸಿದರೆ ಒಬ್ಬನ ಅನುಭವವು ಹತ್ತು ಮಂದಿಯ ಅರಿವಾಗುತ್ತಿದ್ದಿತು.

ಬೆಟ್ಟದ ಏರುಗಾಳಿಯು ಕೈವಶವಾದದ್ದು ಮೊದಲು. ೧೯೨೨ರ ಆಗಸ್ಟ್ ೧೮ರಂದು ಹಾನೋವರ್ ವಿದ್ಯಾರ್ಥಿಗಳ 'ವಾಂಪಿರ್' ಎಂಬ ಗ್ಲೈಡರಿನಲ್ಲಿ ಆರ್ಟುರ್ ಮಾರ್ಟೆನ್ಸನು ಒಂದು ಗಂಟೆಗೂ ಮೀರಿ ಹಾರಿದನು. ಮರುದಿನ ಅದೇ ಗ್ಲೈಡರಿನಲ್ಲಿ ಅವನ ಜೊತೆಗಾರ ಹೆಂಟ್ಸೆನ್ನನು ಎರಡು ಗಂಟೆ, ಕೆಲವೇ ದಿನಗಳಲ್ಲಿ ಮೂರು ಗಂಟೆ ನಿಂತನು. ವಿಮಾನವು ಒಂದೇ, ಗುಡ್ಡವು ಒಂದೇ. ಮೊದಲನೆಯವನು ಕಂಡ ದಾರಿಯನ್ನು ಎರಡನೆಯವನು ಉದ್ದಮಾಡಿದನು. ಬಾಲ್ಟಿಕ್ ತೀರದ ರೋಸ್ಸಿಟೆನ್ ಮರಳುದಿಬ್ಬಗಳಲ್ಲಿ, ಪಕ್ಷಿಗಳ ವಲಸೆಯನ್ನು ನೋಡಲೆಂದು ೧೯೦೧ರಲ್ಲಿ ಸ್ಥಾಪಿತವಾಗಿದ್ದ ವೀಕ್ಷಣಾಲಯದ ನೆರೆಯಲ್ಲಿಯೇ, ಫರ್ಡಿನಾಂಡ್ ಶುಲ್ಟ್ಸ್ ಎಂಬ ಹಳ್ಳಿಯ ಉಪಾಧ್ಯಾಯನು ೧೯೨೪ರಲ್ಲಿ ಎಂಟೂವರೆ ಗಂಟೆಗೂ ಹೆಚ್ಚು ಕಾಲ ಹಾರಿದನು. ಇವನು ಮೊದಲು ರೋನ್ ಕೂಟಕ್ಕೆ ತಂದ ಗ್ಲೈಡರಿಗೆ 'ಪೊರಕೆಕಡ್ಡಿಯ ಡಬ್ಬ' ಎಂದು ಹೆಸರಾಗಿದ್ದಿತು. ಪರೀಕ್ಷಕರು ಅದು ಅಪಾಯಕರವೆಂದು ಹಾರಲು ಬಿಡಲಿಲ್ಲ. ಅದೇ ಬಗೆಯ ಗ್ಲೈಡರಿನಿಂದಲೇ ಅವನು ಎಂಟು ಗಂಟೆಯ ದಾಖಲೆಯನ್ನು ಮಾಡಿದನೆಂಬುದು ಪರೀಕ್ಷಕರನ್ನು ಕಂಡು ಬೇಸತ್ತಿರುವ ಉಪಾಧ್ಯಾಯ ಬಂಧುಗಳಿಗೆ ಹಿತವಾಗಬಹುದು.

ಆದರೆ ಬೆಟ್ಟದ ಏರುಗಾಳಿಯು ಗಾಣದೆತ್ತಿನ ದಾರಿ. ಗುಡ್ಡದ ಮುಂದೆ ಹೋಗಿ ಬಂದು ಹೋಗಿ ಬಂದು ಮಾಡಬಹುದಲ್ಲದೆ ಗುಡ್ಡವನ್ನು ಬಿಟ್ಟು ಹೋಗಲಾಗದು. ೧೯೨೦ರ ದಶಕದ ನಡುವಿನಲ್ಲಿ ಈ ವಿದ್ಯೆಯು ಇಲ್ಲಿಗೇ ನಿಂತುಹೋಗುವುದೆಂಬ ಶಂಕೆ ಅನೇಕರಿಗಿದ್ದಿತು. ಅದನ್ನು ಮುಂದಕ್ಕೆ ನಡೆಸಿದವನು ಹಾರುವವನಲ್ಲ, ಹವಾಶಾಸ್ತ್ರಜ್ಞನಾದ ವಾಲ್ಟರ್ ಗೆಯೋರ್ಗಿ. ೧೯೨೪ರಲ್ಲಿ ಹುಟ್ಟಿದ ರೋನ್–ರೋಸ್ಸಿಟೆನ್ ಸಂಘದ ಸಂಶೋಧನಾಲಯದಲ್ಲಿ ಇವನು ಮುಖ್ಯಸ್ಥನಾದನು. ಇವನ ಹಿರಿಮೆಯನ್ನು ಹೇಳುವಾಗ ಸಾಮಾನ್ಯವಾಗಿ ಇವನ ಗ್ರಂಥಗಳನ್ನು ಹೆಸರಿಸುತ್ತಾರೆ. ಹಾರುವವರು ಕಂಡದ್ದನ್ನು ಇವನು ಸಾಕ್ಷ್ಯವೆಂದು ಎಣಿಸಿದನು. ನಮ್ಮ ಅಭಿಪ್ರಾಯದಲ್ಲಿ ಅದೇ ಇವನ ದೊಡ್ಡ ಗುಣ.

ಸಾಕ್ಷ್ಯದ ವಿಷಯದಲ್ಲಿ ಬ್ಯಾರೊಗ್ರಾಫನ್ನು ಕುರಿತು ಒಂದು ಮಾತು ಹೇಳಬೇಕು. ಇದು ವಾಯುಭಾರವನ್ನು ತಾನೇ ಬರೆದಿಡುವ ಸಣ್ಣ ಯಂತ್ರ. ತಿರುಗುವ ಉರುಳೆಯ ಮೇಲೆ ಸುತ್ತಿದ ಕಾಗದದಲ್ಲಿ ಮುಳ್ಳು ಗೆರೆ ಎಳೆಯುತ್ತದೆ. ಏರಿದುದೆಷ್ಟು, ಇಳಿದುದೆಷ್ಟು, ಯಾವ ನಿಮಿಷದಲ್ಲಿ ಎಂಬುದೆಲ್ಲ ಆ ಗೆರೆಯಲ್ಲಿರುತ್ತದೆ. ದಾಖಲೆಗಾಗಿ ಹಾರುವವನ ಯಂತ್ರಕ್ಕೆ ಮೊದಲೇ ಮುದ್ರೆ ಹಾಕುತ್ತಿದ್ದರು. ಶಾಸನಗಳನ್ನು ಓದಿ ಬಲ್ಲ ನಮ್ಮ ವಿದ್ವಾಂಸರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಕವಿಯು ರಾಜನನ್ನು ಹೊಗಳಬಹುದು. ದಾನಶಾಸನವು ಮಾತ್ರ ಎಲ್ಲೆಕಟ್ಟುಗಳನ್ನು ಹೇಳಿ ಸುಮ್ಮನಾಗುತ್ತದೆ. ಗೆಳೆಯರ ಬಾಯಿಮಾತನ್ನೂ ಈ ಮೂಕಗೆರೆಯನ್ನೂ ಒಟ್ಟಿಗೆ ಇಟ್ಟು ಓದಿದಲ್ಲಿ ಗಾಳಿಯ ಶಾಸ್ತ್ರವು ಹುಟ್ಟಿತು.

೧೯೨೬ರ ಆಗಸ್ಟ್ ೧೨ರಂದು ವಾಸ್ಸರ್‌ಕುಪ್ಪೆಯ ಕಡೆಗೆ ಗುಡುಗುಮಳೆ ಬಂದಿತು. ಗುಡುಗಿನ ಮೋಡವನ್ನು ಕಂಡರೆ ಇಳಿಯಬೇಕೆಂಬುದೇ ಅಂದಿನವರೆಗಿನ ವಿವೇಕ. ಮಾಕ್ಸ್ ಕೇಗೆಲ್ ಎಂಬವನನ್ನು ಮೋಡವು ಒಳಕ್ಕೆ ಎಳೆದುಕೊಂಡುಬಿಟ್ಟಿತು. ಅವನು ಸತ್ತನೆಂದು ತಿಳಿಯಲು ಎಲ್ಲ ಕಾರಣವೂ ಇದ್ದಿತು; ಅವನಾದರೋ ೫೫ ಕಿಲೋಮೀಟರು ದೂರದಲ್ಲಿ ಜೀವಸಹಿತ ಇಳಿದನು. ಅಷ್ಟು ದೂರ ಅದುವರೆಗೆ ಅಲ್ಲಿಂದ ಯಾರೂ ಹೋಗಿರಲಿಲ್ಲ. ಗೆಳೆಯರು ಅವನಿಗೆ 'ಗುಡುಗಿನ ಮಾಕ್ಸ' ಎಂದು ಹೆಸರಿಟ್ಟು ನಕ್ಕರು. ನಗುವಿನ ಹಿಂದೆ ಒಂದು ತಿಳಿವಳಿಕೆಯಿದ್ದಿತು: ಗುಡ್ಡವನ್ನು ಬಿಟ್ಟು ಹೋಗುವ ದಾರಿ ಮೋಡದ ಕೆಳಗೆ ಇದೆ. ಗುಡುಗಿನ ಮೋಡಕ್ಕೆ ಅಷ್ಟು ಬಲವಿದ್ದರೆ, ಬೇಸಗೆಯ ದಿನ ಹತ್ತಿಯ ಮುದ್ದೆಯಂತೆ ತೇಲುವ ಸಣ್ಣ ಮೋಡಕ್ಕೂ ಸ್ವಲ್ಪ ಬಲವಿರಬೇಕಷ್ಟೆ? ೧೯೨೮ರಲ್ಲಿ ಗೆಯೋರ್ಗಿಯ ಪ್ರೇರಣೆಯಿಂದ ನೇರಿಂಗ್ ಎಂಬವನು ಹಗುರವಾದ ಎಂಜಿನ್ ವಿಮಾನದಲ್ಲಿ ಅಂತಹ ಮೋಡಗಳ ಕೆಳಕ್ಕೆ ಹೋಗಿ, ಎಂಜಿನಿನ ನೆರವನ್ನು ಬಿಟ್ಟು, ಗಾಳಿಯೇ ತನ್ನನ್ನು ಎತ್ತುವುದೆಂಬುದನ್ನು ಅಳತೆಯಿಂದ ತೋರಿಸಿದನು.

ಹವೆಯ ಮುನ್ಸೂಚನೆಯು ಸಂಘದ ದಿನಚರಿಯಲ್ಲಿ ನೆಲೆಗೊಂಡದ್ದು ಇಲ್ಲಿಂದ ಮುಂದೆ. ಬಿಸಿಲಿನ ಏರುಗಾಳಿಯ ಲೆಕ್ಕವು ತತ್ವದಲ್ಲಿ ಸುಲಭ. ಮೇಲಕ್ಕೇರುವ ಒಣಗಾಳಿಯು ೧೦೦ ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ತಣಿಯುತ್ತದೆ. ಬೆಳಗ್ಗೆ ನೆಲದಲ್ಲಿ ೧೪ ಡಿಗ್ರಿ, ಸಾವಿರ ಮೀಟರು ಮೇಲೆ ೯ ಡಿಗ್ರಿ ಇದೆಯೆನ್ನೋಣ. ನೆಲದ ಗಾಳಿಯನ್ನು ಈಗಲೇ ಎತ್ತಿದರೆ ಅದು ಅಲ್ಲಿಗೆ ಹೋಗುವಷ್ಟರಲ್ಲಿ ೪ ಡಿಗ್ರಿಗೆ ತಣಿದು, ಸುತ್ತಣ ಗಾಳಿಗಿಂತ ಭಾರವಾಗಿ ಮರಳಿ ಬೀಳುತ್ತದೆ. ಬಿಸಿಲಿನಿಂದ ನೆಲವು ೨೦ ಡಿಗ್ರಿಗೆ ಬಂದರೆ ಅದೇ ಗಾಳಿ ಸಾವಿರ ಮೀಟರಿನಲ್ಲಿ ೧೦ ಡಿಗ್ರಿಯಾಗಿದ್ದು, ಸುತ್ತಲಿನದಕ್ಕಿಂತ ಹಗುರವಾಗಿ ಇನ್ನೂ ಏರುತ್ತದೆ. ಆದುದರಿಂದ ಮುನ್ಸೂಚಕನು ಕೇಳಬೇಕಾದ ಪ್ರಶ್ನೆ ಒಂದೇ: ನೆಲವು ೧೯ ಡಿಗ್ರಿಯನ್ನು ದಾಟುವುದು ಎಷ್ಟು ಗಂಟೆಗೆ? ಮೋಡದ ಅಡಿಯು ಎಷ್ಟು ಎತ್ತರದಲ್ಲಿ ನಿಲ್ಲುವುದೆಂಬುದಕ್ಕೂ ಒಂದು ಸೂತ್ರವುಂಟು. ಗಾಳಿಯ ಉಷ್ಣತೆಗೂ ಇಬ್ಬನಿ ಕಟ್ಟುವ ಉಷ್ಣತೆಗೂ ಇರುವ ಅಂತರದ ಪ್ರತಿಯೊಂದು ಡಿಗ್ರಿಗೆ ಸುಮಾರು ೧೨೫ ಮೀಟರು. ಇಷ್ಟನ್ನು ಶಾಲೆಯ ಹುಡುಗನೂ ಮಾಡಬಲ್ಲನು. ಆದರೆ ಯಾವ ಇಳಿಜಾರು ಮೊದಲು ಕಾಯುತ್ತದೆ, ಉತ್ತ ಹೊಲ ಎಲ್ಲಿದೆ, ನಿನ್ನೆಯ ಮಳೆಗೆ ಯಾವ ಕಣಿವೆ ಒದ್ದೆಯಾಗಿದೆ ಎಂಬುದನ್ನು ನಕ್ಷೆಯು ಹೇಳದು. ಅದನ್ನು ಹೇಳಬೇಕಾದವರು ಆ ನೆಲದ ಮೇಲೆ ದಿನವೂ ತಿರುಗುತ್ತಿದ್ದ ಸಂಘದವರು. ಬೆಳಗ್ಗೆ ಎಲ್ಲರನ್ನೂ ಕೂಡಿಸಿ ಹವೆಯನ್ನು ವಿವರಿಸುವ ಪದ್ಧತಿಯು ಇಂದಿಗೂ ಲೋಕದ ಗ್ಲೈಡರ್ ಸ್ಪರ್ಧೆಗಳಲ್ಲೆಲ್ಲ ನಡೆದುಬಂದಿದೆ. ಅಲ್ಲಿ ಮುನ್ಸೂಚಕನು ಪ್ರತಿಸ್ಪರ್ಧಿಗಳೆಲ್ಲರಿಗೂ ಒಂದೇ ಮಾತನ್ನು ಒಂದೇ ವೇಳೆಯಲ್ಲಿ ಹೇಳುತ್ತಾನೆ. ಜೂಜಾಳುಗಳಿಗೆ ಒಟ್ಟಿಗೆ ದಾಳವನ್ನು ತೋರಿಸಿದಂತೆ ಇದು ವಿಚಿತ್ರವೇ ಸರಿ.

ಈ ಹೊಸ ವಿದ್ಯೆಯ ಮೊದಲ ನಾಯಕನು ವಿಯೆನ್ನಾ ನಗರದ ಯೆಹೂದ್ಯನಾದ ರೋಬರ್ಟ್ ಕ್ರೋನ್‌ಫೆಲ್ಡ್. ೧೯೦೪ರಲ್ಲಿ ಹುಟ್ಟಿದವನು. ಅಲೆಕ್ಸಾಂಡರ್ ಲಿಪ್ಪಿಷ್ ಎಂಬ ವಿಮಾನಶಿಲ್ಪಿಯ ಸಲಹೆಯಂತೆ ಬೆಲೂನಿನವರ ವೇರಿಯೋಮೀಟರನ್ನು ಗ್ಲೈಡರಿನಲ್ಲಿ ಮೊದಲು ಬಳಸಿದವರಲ್ಲಿ ಅವನೊಬ್ಬನು. ಗಾಳಿ ತುಂಬಿದ ಒಂದು ಕುಪ್ಪಿ, ಅದರಿಂದ ಹೊರಕ್ಕೆ ಒಂದು ಕಿರಿದಾರಿ. ಮೇಲೇರಿದಾಗ ಹೊರಗಿನ ಒತ್ತಡ ಕಡಮೆಯಾಗಿ ಕುಪ್ಪಿಯ ಗಾಳಿ ಹೊರಡುತ್ತದೆ, ಮುಳ್ಳು ಆಡುತ್ತದೆ. ಸುತ್ತಲೂ ಗಾಳಿಯೇ ಇರುವಲ್ಲಿ ತಾನು ಏರುತ್ತಿರುವೆನೋ ಇಳಿಯುತ್ತಿರುವೆನೋ ಎಂಬುದು ಮೈಗೆ ತಿಳಿಯುವುದಿಲ್ಲ, ಮುಳ್ಳಿಗೆ ತಿಳಿಯುತ್ತದೆ. ೧೯೨೯ರ ಮೇ ತಿಂಗಳಲ್ಲಿ ಅವನು ಟೋಯ್ಟೊಬುರ್ಗ್ ಬೆಟ್ಟಸಾಲನ್ನು ಹಿಡಿದು ನೂರು ಕಿಲೋಮೀಟರನ್ನು ದಾಟಿದನು. ಜುಲೈ ತಿಂಗಳಲ್ಲಿ ಗುಡುಗುಮಳೆಯ ಮುಂಚೂಣಿಯ ಜೊತೆಗೇ ವಾಸ್ಸರ್‌ಕುಪ್ಪೆಯಿಂದ ಸುಮಾರು ೧೪೦ ಕಿಲೋಮೀಟರು ಹೋದನು. ಮೂರು ವರ್ಷದ ಹಿಂದೆ ಕೇಗೆಲನಿಗೆ ಆಕಸ್ಮಿಕವಾಗಿ ಒದಗಿದ್ದು ಇವನಿಗೆ ಬುದ್ಧಿಪೂರ್ವಕವಾದ ಪ್ರಯಾಣವಾಯಿತು. ೧೯೩೧ರ ಜೂನಿನಲ್ಲಿ ಒಂದೇ ದಿನ ಇಂಗ್ಲಿಷ್ ಕಾಲುವೆಯನ್ನು ಹೋಗುತ್ತ ಬರುತ್ತ ದಾಟಿದನು.

ಮೋಡವೇ ಇಲ್ಲದ ತಿಳಿಯಾಕಾಶದಲ್ಲಿ ಬಿಸಿಲಿನ ಏರುಗಾಳಿಯನ್ನು ಹಿಡಿದು ಸುತ್ತುವ ಬಗೆಯನ್ನು ೧೯೩೦ರಲ್ಲಿ ಅಮೆರಿಕೆಯ ಎಲ್ಮೈರಾದಲ್ಲಿ ತೋರಿಸಿದವನು ವೋಲ್ಫ್ ಹಿರ್ಟ್. ಮೋಟಾರುಸೈಕಲ್ ಅಪಘಾತದಲ್ಲಿ ಇವನು ಒಂದು ಕಾಲನ್ನು ಕಳೆದುಕೊಂಡಿದ್ದನು. ಏರುಗಾಳಿಯ ಕಂಬವು ಇಕ್ಕಟ್ಟಾದುದು. ನೇರವಾಗಿ ಹೋದರೆ ಕೆಲವೇ ಕ್ಷಣಗಳಲ್ಲಿ ಆಚೆಗೆ ಬಿದ್ದುಬಿಡುತ್ತೇವೆ. ಆದುದರಿಂದ ಅದರೊಳಗೇ ಸುತ್ತಬೇಕು. ಹದ್ದಿಗೆ ಗೊತ್ತಿದ್ದ ಈ ಸಂಗತಿಯು ಗ್ಲೈಡರಿನವರಿಗೆ ರೂಢಿಯಾಗಲು ವಾಸ್ಸರ್‌ಕುಪ್ಪೆಯ ಮೊದಲ ಕೂಟದಿಂದ ಹತ್ತು ವರ್ಷ ಹಿಡಿಯಿತು.

ಹಿರ್ಟನು ತರುವಾಯ ಸೈಲೀಷಿಯ ಪ್ರಾಂತದ ಗ್ರೂನೌ ಎಂಬ ಹಳ್ಳಿಯ ಗ್ಲೈಡರ್ ಶಾಲೆಯಲ್ಲಿ ಗುರುವಾಗಿದ್ದನು. ಹಳ್ಳಿಯು ಹಿರ್ಷ್‌ಬೆರ್ಗ್ ಪಟ್ಟಣದ ಬಳಿ ಇದೆ. ಅದರ ದಕ್ಷಿಣಕ್ಕೆ ಕಣಿವೆ, ಕಣಿವೆಯ ಆಚೆ ೧,೬೦೦ ಮೀಟರು ಎತ್ತರದ ರೀಸೆನ್‌ಗೆಬಿರ್ಗೆ ಬೆಟ್ಟಸಾಲು. ದಕ್ಷಿಣದಿಂದ ಗಾಳಿಯೆದ್ದಾಗ ಅದು ಬೆಟ್ಟವನ್ನು ದಾಟಿ ಕಣಿವೆಗೆ ಇಳಿಯುತ್ತದೆ. ಶಾಸ್ತ್ರದ ಪ್ರಕಾರ ಅಂತಹ ದಿನ ಇತ್ತಕಡೆ ಏರುಗಾಳಿ ಇರಕೂಡದು. ಆದರೆ ಆ ದಿನಗಳಲ್ಲಿಯೇ ಕಣಿವೆಯ ಮೇಲೆ ಉದ್ದವಾದೊಂದು ಮೋಡವು ಬಂದು ನಿಲ್ಲುತ್ತಿದ್ದಿತು. ಗಾಳಿ ಎಷ್ಟೇ ಬಿರುಸಾಗಿ ಬೀಸಲಿ, ಅದು ಕದಲದು. ಆ ಸೀಮೆಯವರು ಅದನ್ನು 'ಮೋಆಟ್ಸಾಗೋಟ್ಲ್' ಎನ್ನುತ್ತಿದ್ದರು. ಈ ಮೋಡವನ್ನು ಗಮನಿಸುತ್ತಿದ್ದ ಗಾಟ್‌ಲೀಬ್ ಎಂಬ ರೈತನೊಬ್ಬನ ಹೆಸರು ಮನೆತನದ ಹೆಸರಿನೊಡನೆ ಹಳ್ಳಿಯ ಬಾಯಲ್ಲಿ ಹಾಗೆ ತಿರುಚಿಕೊಂಡಿತೆಂದು ಹೇಳುತ್ತಾರೆ. ಮಳೆಯ ನಕ್ಷತ್ರಗಳನ್ನು ಬಾಯಲ್ಲಿಟ್ಟುಕೊಂಡಿರುವ ನಮ್ಮ ರೈತರ ಕುಲದವನೇ ಅವನು.

೧೯೩೩ರ ಮಾರ್ಚ್ ತಿಂಗಳಲ್ಲಿ ಹಾನ್ಸ್ ಡಾಯ್ಚ್‌ಮಾನ್ ಎಂಬವನೂ ಹಿರ್ಟನೂ ಇಂತಹ ದಕ್ಷಿಣದ ಗಾಳಿಯಲ್ಲಿ ಹಾರಿದಾಗ, ಇಳಿಯಬೇಕಾಗಿದ್ದಲ್ಲಿ ಏರಿದರು. ಏರುವಿಕೆಯು ಬಿಸಿಲಿನ ಏರುಗಾಳಿಯಂತೆ ಕುಲುಕಾಟದ್ದಲ್ಲ; ನುಣುಪಾಗಿ, ಸದ್ದಿಲ್ಲದೆ ಎತ್ತಿಕೊಂಡು ಹೋದಂತಹುದು. ಹೊಳೆಯ ಬಂಡೆಯ ಮೇಲೆ ಹರಿದ ನೀರು ಬಂಡೆಯಿಂದ ಕೆಳಗೆ ಒಂದರ ಹಿಂದೊಂದಾಗಿ ಅಲೆಗಳನ್ನೆಬ್ಬಿಸುತ್ತದೆ. ನೀರು ಹರಿದುಹೋಗುತ್ತದೆ, ಅಲೆ ಮಾತ್ರ ನಿಂತಲ್ಲಿಯೇ ನಿಲ್ಲುತ್ತದೆ. ಬೆಟ್ಟವು ಬಂಡೆ, ಗಾಳಿಯು ನೀರು, ಕದಲದ ಮೋಡವು ಅಲೆಯ ನೆತ್ತಿ. ಮೂರನೆಯ ಏರುಗಾಳಿಯು ಹೀಗೆ ಗ್ಲೈಡರಿನವರ ಕೈಗೆ ಸಿಕ್ಕಿತು. ಹಿರ್ಟನು ತನ್ನ ಹೊಸ ಗ್ಲೈಡರಿಗೆ 'ಮೋಆಟ್ಸಾಗೋಟ್ಲ್' ಎಂದೇ ಹೆಸರಿಟ್ಟನು. ಲೋಕದ ಹವಾಶಾಸ್ತ್ರದ ಪದಕೋಶದೊಳಕ್ಕೆ ಹಳ್ಳಿಯ ಹೆಸರೊಂದು ಹೀಗೆ ಪ್ರವೇಶಿಸಿತು.

ಕಾಲವನ್ನು ಮತ್ತೆ ನೋಡಬೇಕು: ೧೯೩೩ರ ಮಾರ್ಚ್. ಹಿಟ್ಲರನು ಅಧಿಕಾರಕ್ಕೆ ಬಂದು ಎರಡು ತಿಂಗಳಾಗಿರಲಿಲ್ಲ. ಅದೇ ತಿಂಗಳು ಜರ್ಮನಿಯ ಹಾರಾಟದ ಸಂಘಗಳನ್ನೆಲ್ಲ ಒಂದೇ ಸರ್ಕಾರೀ ಒಕ್ಕೂಟದೊಳಕ್ಕೆ ಸೇ​ರಿಸುವ ಕೆಲಸವು ಆರಂಭವಾಯಿತು. ರೋನ್–ರೋಸ್ಸಿಟೆನ್ ಸಂಘವು ಕೊನೆಗೊಂಡಿತು. ಅದರ ಸಂಶೋಧನಾಲಯವು ಗೆಯೋರ್ಗಿಯ ಕೈಕೆಳಗೇ ಸರ್ಕಾರದ ಸಂಸ್ಥೆಯಾಗಿ ಮುಂದುವರಿಯಿತು. ಯೆಹೂದ್ಯನಾದ ಕ್ರೋನ್‌ಫೆಲ್ಡನಿಗೆ ಆ ಗುಡ್ಡದ ಮೇಲೆ ಸ್ಥಳವಿಲ್ಲದೆ ಹೋಯಿತು. ನಾಲ್ಕು ವರ್ಷದ ಹಿಂದೆ ಜರ್ಮನಿಯ ಪತ್ರಿಕೆಗಳೆಲ್ಲ ಕೊಂಡಾಡಿದ ಹೆಸರು ಅದು. ಅವನು ದೇಶವನ್ನು ಬಿಟ್ಟು ಕಡೆಗೆ ಇಂಗ್ಲೆಂಡನ್ನು ಸೇರಿದನು.

ಇಲ್ಲಿ ನಾವು ನಿಂತು ಯೋಚಿಸಬೇಕಾಗಿದೆ. ವಾಸ್ಸರ್‌ಕುಪ್ಪೆಯ ಗೆಳೆತನವು ಮೊದಲಿನಿಂದಲೂ ಒಂದೇ ಬಣ್ಣದ್ದಾಗಿರಲಿಲ್ಲ. ಯುದ್ಧದಲ್ಲಿ ಮಡಿದ ವಿಮಾನಿಕರ ಸ್ಮಾರಕವಾಗಿ ೧೯೨೩ರಲ್ಲಿ ಅಲ್ಲಿ ನಿಲ್ಲಿಸಿದ ಕಂಚಿನ ಹದ್ದು ಪಶ್ಚಿಮದ ಕಡೆಗೆ ಮುಖಮಾಡಿ ಕುಳಿತಿದೆ. ಆ ದಿಕ್ಕಿನಲ್ಲಿ ಗಾಳಿಯೂ ಉಂಟು, ಫ್ರಾನ್ಸೂ ಉಂಟು. ಸೋಲಿನ ಕಹಿ, ಹುಡುಗರ ಆಟ, ಶಾಸ್ತ್ರದ ಕುತೂಹಲ ಈ ಮೂರೂ ಒಂದೇ ಡೇರೆಯಲ್ಲಿ ಮಲಗಿದ್ದುವು. ಹಗ್ಗ ಎಳೆಯುವಾಗ ಪಕ್ಕದವನ ಮತವನ್ನು ಯಾರೂ ಕೇಳುವುದಿಲ್ಲ. ಆ ಕೇಳದಿರುವಿಕೆಯನ್ನು ಸಮದೃಷ್ಟಿಯೆಂದು ಹೊಗಳಬಹುದು. ಆದರೆ ಕೇಳುವವರು ಬಂದಾಗ ಅಡ್ಡನಿಲ್ಲುವ ಬಲ ಅದಕ್ಕಿರಲಿಲ್ಲವೆಂಬುದೂ ಸ್ಪಷ್ಟ. ಗೆಳೆತನವು ತಾನಾಗಿಯೇ ಧರ್ಮವಾಗುವುದೆಂದು ನಂಬುವವರು ಈ ಒಂದು ವರ್ಷದ ಕಥೆಯನ್ನು ಓದಬೇಕು.

ಶಾಸ್ತ್ರಕ್ಕೇನು ನಷ್ಟವಾಯಿತೆಂದು ಕೇಳಿದರೆ ಉತ್ತರವು ಸುಲಭವಲ್ಲ. ಗ್ರೂನೌ ಗುಡ್ಡದ ಮೇಲೆ ಅತ್ಯಂತ ಸುಂದರವಾದ ಸಹಕಾರದ ಸಂಶೋಧನೆಯು ನಡೆದದ್ದು ೧೯೩೭ರಲ್ಲಿ. ಅದೇ ವರ್ಷ ಗ್ಲೈಡರ್ ಸಂಘಗಳು ಪೂರ್ತಿಯಾಗಿ ನಾಜಿ ಪಕ್ಷದ ವಿಮಾನದಳದ ವಶವಾಗಿದ್ದುವು. ಯೋಆಖಿಂ ಕ್ಯುಟ್ನರ್ ಎಂಬ ತರುಣನು ಅಲ್ಲಿ ಸ್ಪರ್ಧೆಗಾಗಿ ಕೂಡಿದ್ದ ಇಪ್ಪತ್ತಕ್ಕೂ ಹೆಚ್ಚು ಗ್ಲೈಡರುಗಳಲ್ಲಿ ಬ್ಯಾರೊಗ್ರಾಫುಗಳನ್ನು ಇರಿಸಿ, ಅವುಗಳ ಗೆರೆಗಳನ್ನೆಲ್ಲ ಕೂಡಿಸಿ, ಬೆಟ್ಟದಾಚೆಯ ಅಲೆಯು ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಅದರ ಕೆಳಗೆ ಗಾಳಿಯು ಉರುಳೆಯಂತೆ ಎಲ್ಲಿ ತಿರುಗುತ್ತದೆ ಎಂಬುದರ ಚಿತ್ರವನ್ನು ಬಿಡಿಸಿದನು. ಅದೇ ವರ್ಷ ತಾನೇ ತೆರೆದ ಕುಳಿಯ ಸಣ್ಣ ಗ್ಲೈಡರಿನಲ್ಲಿ ಕುಳಿತು ಸುಮಾರು ೬,೮೦೦ ಮೀಟರು ಎತ್ತರಕ್ಕೆ ಹೋದನು. ಒಬ್ಬನು ನೂರು ಸಲ ಹಾರಿದರೂ ದೊರೆಯದ ಚಿತ್ರವು ಇಪ್ಪತ್ತು ಮಂದಿ ಒಂದು ಸಲ ಹಾರಿದುದರಿಂದ ದೊರೆಯಿತು. ೧೯೨೦ರ ಹಗ್ಗದೆಳೆತದಲ್ಲಿದ್ದ ನ್ಯಾಯವೇ ಇದು; ಆದರೆ ಈಗ ಹಗ್ಗದ ತುದಿಯಲ್ಲಿ ಕ್ರೋನ್‌ಫೆಲ್ಡನಂತಹವರು ಇಲ್ಲ. ಅವರು ಇಲ್ಲದುದರಿಂದ ಬ್ಯಾರೊಗ್ರಾಫಿನ ಗೆರೆ ಸೊಟ್ಟಗಾಗಲಿಲ್ಲ. ಅನ್ಯಾಯವಾದಲ್ಲಿ ವಿದ್ಯೆ ಬಾಡುವುದೆಂಬ ಸಮಾಧಾನವನ್ನು ಇತಿಹಾಸವು ನಮಗೆ ಕೊಡುವುದಿಲ್ಲ.

ಇಂಗ್ಲೆಂಡಿನಲ್ಲಿ ಕ್ರೋನ್‌ಫೆಲ್ಡನು ಹಾರಾಟವನ್ನು ಕಲಿಸುತ್ತ, ಗ್ಲೈಡರುಗಳನ್ನು ಪರೀಕ್ಷಿಸುತ್ತ ಇದ್ದನು. ೧೯೩೯ರಲ್ಲಿ ಬ್ರಿಟಿಷ್ ಪ್ರಜೆಯಾದನು. ಯುದ್ಧಕಾಲದಲ್ಲಿ ಬ್ರಿಟನ್ನಿನ ವಾಯುಸೈನ್ಯದಲ್ಲಿ ಸೇವೆ ಮಾಡಿದನು. ೧೯೪೮ರ ಫೆಬ್ರವರಿ ೧೨ರಂದು ಬಾಲವಿಲ್ಲದ ಹೊಸ ಮಾದರಿಯ ಗ್ಲೈಡರೊಂದನ್ನು ಪರೀಕ್ಷಿಸುವಾಗ ಹ್ಯಾಂಪ್‌ಷೈರಿನಲ್ಲಿ ಬಿದ್ದು ಸತ್ತನು. ವಯಸ್ಸು ನಲವತ್ತಮೂರು.

ಕ್ಯುಟ್ನರನು ಯುದ್ಧದ ತರುವಾಯ ಅಮೆರಿಕೆಗೆ ಹೋದನು. ಕ್ಯಾಲಿಫೋರ್ನಿಯದ ಬಿಷಪ್ ಎಂಬ ಊರಿನಲ್ಲಿ ೧೯೫೧–೫೨ರಲ್ಲಿ ನಡೆದ ಸಿಯೆರಾ ಅಲೆಯ ಸಂಶೋಧನೆಯಲ್ಲಿ ವಿಶ್ವವಿದ್ಯಾನಿಲಯದವರೂ ಸೈನ್ಯದವರೂ ಅಲ್ಲಿನ ಗ್ಲೈಡರ್ ಸಂಘದವರೂ ಅವನೊಡನೆ ಕೂಡಿದ್ದರು. ೧೯೫೨ರ ಮಾರ್ಚ್ ೧೯ರಂದು ಎಡ್ಗರ್, ಕ್ಲೀಫೋರ್ತ್ ಎಂಬಿಬ್ಬರು ಆ ಅಲೆಯ ಮೇಲೆ ೧೩,೪೮೯ ಮೀಟರು ಏರಿದರು. ೧೯೫೫ರಲ್ಲಿ ಅಲೆಯ ಕೆಳಗಿನ ತಿರುಗುಗಾಳಿಗೆ ಸಿಕ್ಕಿ ಎಡ್ಗರನ ಗ್ಲೈಡರು ಚೂರುಚೂರಾಯಿತು. ಅವನು ಪ್ಯಾರಾಷೂಟಿನಿಂದ ಇಳಿದು ಬದುಕಿದನು. ಗ್ರೂನೌ ಹಳ್ಳಿಯು ೧೯೪೫ರಿಂದ ಪೋಲೆಂಡಿಗೆ ಸೇರಿದೆ. ಯೆಝುವ್ ಸುದೆಟ್ಸ್ಕಿ ಎಂಬುದು ಅದರ ಈಗಿನ ಹೆಸರು. ಅಲ್ಲಿದ್ದ ಜರ್ಮನರು ಹೊರಟುಹೋದರು, ಪೋಲಿಷ್ ಜನ ಬಂದು ನೆಲೆಸಿದರು. ದಕ್ಷಿಣದ ಗಾಳಿ ಎದ್ದ ದಿನ ಮೋಡವು ಕಣಿವೆಯ ಮೇಲೆ ಬಂದು ನಿಲ್ಲುತ್ತದೆ. ಕೆಳಗಿನಿಂದ ಗ್ಲೈಡರುಗಳು ಹೊರಡುತ್ತವೆ.